ಜೇನು ಕಾಯಿಸುವ ಲೆಕ್ಕ

"ಸರ್, ಬಿಟಿಯು ಇದ್ರ ಏನು ಮಾಡಬೇಕಂದ್ರಿ? ಮತ್ತ ಮರ್ತೆ."

ಫೋನಿನ ಆ ಕಡೆ ನಿತೇಶ ನಕ್ಕ. "ಹೋದ ವಾರಾನೂ ಹೇಳಿದ್ನಲ್ರಿ ಮೇಡಂ?"

"ಹೇಳಿದ್ರಿ. ತಲಿಯೊಳಗ ನಿಂದ್ರಬೇಕಲ್ಲ!"

ಸುಳ್ಳು! ಹಸಿ ಹಸಿ ಸುಳ್ಳು. ಸೆಲಿನ್ ಧಾರವಾಡದಲ್ಲಿ ಫಿಸಿಕ್ಸ್ ಓದಿ ಬಿ.ಎಸ್ಸಿ. ಮುಗಿಸಿದವಳು. ಆ ಲೆಕ್ಕ ಅವಳಿಗೆ ನಿದ್ದೆಗಣ್ಣಲ್ಲೂ ಬರುತ್ತದೆ. ಆದರೆ ಪ್ರೀತಿ ಹುಟ್ಟಿದ ಹೆಣ್ಣಿಗೆ ಬರುವ ಲೆಕ್ಕವೂ ಬಾರದ ಹಾಗಾದರೆ ಯಾರೇನು ಮಾಡಲಿಕ್ಕಾಗುತ್ತದೆ ಹೇಳಿ.

ಮುಂಡಗೋಡದಲ್ಲಿ ಮಹಿಳಾ ಸಂಘದವರು ನಡೆಸುವ ಜೇನಿನ ಘಟಕಕ್ಕೆ ಅವಳೇ ಇನ್‌ಚಾರ್ಜ್. ಸನವಳ್ಳಿ, ಮಳಗಿ ಕಡೆಯಿಂದ ಬರುವ ಕಾಡುಜೇನನ್ನು ಹದವಾಗಿ ಬಿಸಿ ಮಾಡಿ, ಸೋಸಿ ಬಾಟಲಿಗೆ ತುಂಬಬೇಕು. ಒಂದೊಂದು ಸಲ ಬರುವ ಜೇನಿನಲ್ಲಿ ಒಂದೊಂದು ರೀತಿ ನೀರಿನಂಶ. ಅದನ್ನು ಅಳೆದು ಗೋಡೆಯ ಚಾರ್ಟಿನಲ್ಲಿ ನೋಡಿದರೆ, ಜೇನನ್ನು ಒಂದು ಡಿಗ್ರಿ ಏರಿಸಲು ಎಷ್ಟು ಶಾಖ ಬೇಕೆಂಬ ಅಂಕಿ ಸಿಗುತ್ತದೆ. ಎಡವಟ್ಟೇನೆಂದರೆ ಚಾರ್ಟ್ ಪರದೇಶದ್ದು, ಲೆಕ್ಕವೆಲ್ಲ ಬಿಟಿಯು ಎಂಬ ಶಾಖದ ಅಳತೆ, ಪೌಂಡು, ಫ್ಯಾರನ್‌ಹೀಟಿನಲ್ಲಿ. ಮಷೀನು ಕೇಳುವುದು ಕಿಲೋಜೂಲು, ಕಿಲೋಗ್ರಾಮು, ಸೆಲ್ಸಿಯಸ್.

ಮಷೀನು ಕೂಡಿಸಲು ಹಳಿಯಾಳದಿಂದ ಬಂದ ನಿತೇಶ ಮೊದಲ ದಿನವೇ ಹೇಳಿಕೊಟ್ಟಿದ್ದ: ಚಾರ್ಟಿನ ಅಂಕಿಯನ್ನು ನಾಲ್ಕು ಪಾಯಿಂಟ್ ಒಂದು ಎಂಟು ಆರರಿಂದ ಗುಣಿಸಿದರೆ ಮುಗಿಯಿತು. ಹೇಳುವಾಗ ಹುಬ್ಬು ಏರಿಸಿ, ತಿಳೀತಾ ಎಂಬಂತೆ ಅವಳ ಕಣ್ಣನ್ನೇ ನೋಡಿದ್ದ. ತಿಳಿದಿತ್ತು. ಆದರೆ ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಇನ್ನೊಮ್ಮೆ ಹೇಳಿದ, ಇನ್ನಷ್ಟು ಮೆಲ್ಲಗೆ.

ಅಂದಿನಿಂದ ಜೇನು ಬಂದಾಗಲೆಲ್ಲ ಫೋನು. ಒಂದು ಗುಣಾಕಾರ, ಆಮೇಲೆ ಊಟ ಆಯ್ತಾ, ಹಳಿಯಾಳದಲ್ಲಿ ಮಳೆ ಐತೇನು, ಇಷ್ಟೇ. ಅವ್ವ ತೀರಿಕೊಂಡ ಮೇಲೆ, ಅಣ್ಣ ಗೋವಾ ಸೇರಿದ ಮೇಲೆ, ಬಾಡಿಗೆ ಕೋಣೆಯಲ್ಲಿ ಸೆಲಿನ್‌ಗೆ ಊಟ ಆಯ್ತಾ ಎಂದು ಕೇಳುವವರು ಬೇರೆ ಯಾರೂ ಇರಲಿಲ್ಲ. ಭಾನುವಾರ ಚರ್ಚಿನಿಂದ ಬಂದು ಒಬ್ಬಳೇ ಅನ್ನಕ್ಕಿಡುವಾಗ ಅವಳಿಗೆ ಅಳು ಬರುತ್ತಿತ್ತು. ನೇರವಾಗಿ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಫೋನು ಹಿಡಿದರೆ ಬಾಯಿಗೆ ಬರುವುದು ಮಾತ್ರ ಅದೇ ಹಾಳು ಬಿಟಿಯು.

ಆ ಸೋಮವಾರ ನಿತೇಶ ತಾನೇ ಬಂದ, ಕೈಯಲ್ಲೊಂದು ಡಬ್ಬಿ.

"ಮೇಡಂ, ನಿಮಗ ಹೊಸಾ ಡಿಸ್‌ಪ್ಲೇ ತಂದೇನಿ. ಚಾರ್ಟಿನ ನಂಬರ್ ಹೊಡೀರಿ, ಅದ ಲೆಕ್ಕ ಮಾಡಿಕೋತೈತಿ. ಇನ್ನ ನನಗ ಫೋನ್ ಮಾಡೂ ತ್ರಾಸ ಇಲ್ಲ."

ಸೆಲಿನ್ ಡಬ್ಬಿಯನ್ನೇ ನೋಡಿದಳು. "ತ್ರಾಸ ಏನಿತ್ರಿ ಸರ್..."

"ನನಗ ಬೆಳಗಾವಿಗೆ ಟ್ರಾನ್ಸ್‌ಫರ್ ಆಗೇತಿ. ನೀವು ಒದ್ದಾಡಬಾರದಂತ." ಅವನು ಅವಳತ್ತ ನೋಡದೆ ಸ್ಕ್ರೂ ತಿರುಗಿಸತೊಡಗಿದ.

ಎಂಥ ಒಳ್ಳೆಯ ಮನುಷ್ಯ! ಅವನ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎನ್ನಿಸಿತು ಅವಳಿಗೆ.

ಟ್ಯಾಂಕಿನಲ್ಲಿ ಮಳಗಿಯ ಮುದುಕಿ ಮಾರ್ಥಾ ಆಯಿ ಮತ್ತು ಅವಳ ಜೊತೆಯವರ ಜೇನು ತುಂಬಿತ್ತು. ನಿತೇಶ ಚಾರ್ಟಿನ ಪ್ರಕಾರ ಸೊನ್ನೆ ಪಾಯಿಂಟ್ ಆರು ಒತ್ತಿದ. ಪರದೆಯಲ್ಲಿ ಮೂಡಿದ್ದು ನಾಲ್ಕೂವರೆ.

ನಾಲ್ಕೂವರೆ? ನೀರಿಗೇ ಅಷ್ಟು ಬೇಕಾಗುವುದಿಲ್ಲ! ಬರಬೇಕಾದದ್ದು ಎರಡೂವರೆ. ಎಲ್ಲಿ ತಪ್ಪಿದನೆಂದು ಸೆಲಿನ್‌ಗೆ ಥಟ್ಟನೆ ಹೊಳೆಯಿತು. ಹೀಗೇ ಬಿಟ್ಟರೆ ಮಷೀನು ಹೆಚ್ಚುಕಡಿಮೆ ದುಪ್ಪಟ್ಟು ಶಾಖ ಕೊಟ್ಟು ಜೇನು ಕಪ್ಪಾಗುತ್ತದೆ. ಡಿಸ್‌ಪ್ಲೇ ಸರಿಯಿಲ್ಲ ಎಂದಾಗುತ್ತದೆ. ಅವನು ಮತ್ತೆ ಬರಬೇಕಾಗುತ್ತದೆ, ನಾಳೆಯೂ, ನಾಡಿದ್ದೂ. ಅವಳು ಮಾಡಬೇಕಾದದ್ದು ಸುಮ್ಮನಿರುವುದಷ್ಟೇ.

ಅವನ ಬೆರಳು ಸ್ಟಾರ್ಟ್ ಬಟನ್ನಿನತ್ತ ಹೋಯಿತು. ಮರ ಹತ್ತಿ ಜೇನು ಇಳಿಸುವ ಮಳಗಿಯ ಪಾವ್ಲು, ಅದನ್ನು ತಲೆಯ ಮೇಲೆ ಹೊತ್ತು ತರುವ ಮಾರ್ಥಾ ಅವಳ ಕಣ್ಣಿಗೆ ಕಟ್ಟಿದರು.

"ತಡೀರಿ! ಒಂದು ಪಾಯಿಂಟ್ ಎಂಟರಿಂದ ಮತ್ಯಾಕ ಗುಣಿಸೀರಿ? ಫ್ಯಾರನ್‌ಹೀಟು, ಪೌಂಡು ಎಲ್ಲಾ ಆ ನಾಲ್ಕು ಪಾಯಿಂಟ್ ಒಂದು ಎಂಟು ಆರರಾಗ ಬಂದು ಹೋಗೇತಿ. ಎರಡು ಸಲ ಮಾಡಿದ್ರ ಜೇನು ಸುಡ್ತೈತ್ರಿ!"

ನಿತೇಶ ಬೆರಳು ಹಿಂತೆಗೆದ. ಪರದೆ ನೋಡಿದ, ಅವಳನ್ನು ನೋಡಿದ. ಮುಖ ಕೆಂಪಾಯಿತು.

"ನಿಮಗ ಬರ್ತಿತ್ತು."

"ಹೂಂ."

"ಮೊದಲಿಂದಾನೂ?"

"ಮೊದಲಿಂದಾನೂ. ನಿಮ್ಮ ದನಿ ಕೇಳಬೇಕಂತ ಫೋನ್ ಮಾಡ್ತಿದ್ದೆ. ನನಗ ನೀವಂದ್ರ ಭಾಳ ಜೀವರಿ."

ಅಂದೇಬಿಟ್ಟಳು. ಅವನು ಪಕ್ಕದ ಖಾಲಿ ಡ್ರಮ್ಮಿನ ಮೇಲೆ ಕೂತ.

"ಅವ್ವ ಹುಡುಗಿ ತೋರಿಸಿದಾಗೆಲ್ಲ ಮುಂದ ಹಾಕ್ಕೋತ ಬಂದೆ," ಎಂದ. "ನೀವು ಬರೇ ಲೆಕ್ಕ ಕೇಳ್ತಿದ್ರಿ. ಸರ್ ಸರ್ ಅಂತಿದ್ರಿ. ಇವರಿಗ ನಾ ಬರೇ ಮಷೀನಿನಾಂವ ಅಂತ ತಿಳ್ಕೊಂಡೆ. ಹೋದ ತಿಂಗಳ ಅವ್ವಗ ಹೂಂ ಅಂದೆ. ಮಾತು ಕೊಟ್ಟಾಗೇತಿ, ಸೆಲಿನ್. ಆ ಹುಡುಗಿ ಏನು ತಪ್ಪು ಮಾಡ್ಯಾಳ?"

"ಏನೂ ಇಲ್ಲ," ಎಂದಳು ಸೆಲಿನ್. ಮಾತು ಮುರಿಯುವ ಗಂಡಾಗಿದ್ದರೆ ಅವಳು ಅವನನ್ನು ಮೆಚ್ಚುತ್ತಲೂ ಇರಲಿಲ್ಲ. ಅದೇ ಹೆಚ್ಚು ಸಂಕಟ.

ಅವನು ಡಿಸ್‌ಪ್ಲೇ ಸರಿ ಮಾಡಿದ. ಎರಡೂವರೆ ಬಂತು. ಬಾಗಿಲಲ್ಲಿ ಒಮ್ಮೆ ನಿಂತು, ಅವಳ ಮುಖವನ್ನು ಕಣ್ತುಂಬ ನೋಡಿ, ಹಳಿಯಾಳದ ಬಸ್ಸಿಗೆ ಹೊರಟುಹೋದ.

ಜೇನು ಹದವಾಗಿ ಕಾಯಿತು. ಜೇನು ತಂದಿದ್ದ ಖಾಲಿ ಡಬ್ಬ ಒಯ್ಯಲು ಮಾರ್ಥಾ ಆಯಿ ಬಂದಾಗ ಸೆಲಿನ್ ಇನ್ನೂ ಅಲ್ಲೇ ನಿಂತಿದ್ದಳು.

"ಯಾಕವಾ, ಕಣ್ಣು ಹಿಂಗ್ಯಾಕ ಕೆಂಪಾಗ್ಯಾವ?"

ಧೂಳು ಬಿತ್ತು ಎನ್ನಬಹುದಿತ್ತು. ಮಷೀನಿನ ಹಬೆ ಎನ್ನಬಹುದಿತ್ತು.

"ಆ ಮಷೀನಿನವರ ಮ್ಯಾಲೆ ನನಗ ಮನಸ್ಸಿತ್ತು ಆಯಿ. ಅವರ ಲಗ್ನ ಗೊತ್ತಾಗೇತಿ."

ಮಾರ್ಥಾ ಅವಳನ್ನೇ ನೋಡಿದಳು. ಹೊರಗೆ ಮಳಗಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮುದುಕಿ ಎತ್ತಿದ್ದ ಡಬ್ಬವನ್ನು ಕೆಳಗಿಟ್ಟಳು.

"ಇವತ್ತ ಹೋಗೂದಿಲ್ಲ ನಾ. ನಿನ್ನ ಬಾಡಿಗಿ ಕೋಲಿಯೊಳಗ ಇಬ್ಬರಿಗೆ ಆಗೂವಷ್ಟು ಅಕ್ಕಿ ಐತೇನು?"