ಅಡುಗೆಮನೆಯ ಭಂಡಾರ

“ನಿನ್ನ ಮಗಳನ್ನ ಯಾರೂ ಮುಟ್ಟಂಗಿಲ್ಲೋ ಮೈಲಾರೆಪ್ಪಾ. ನಾ ಅದೇನಿ.”

ನನಗೆ ಬೀಳಬೇಕಿದ್ದ ಚಾಕು ತಾನು ತಿಂದು ಆಸ್ಪತ್ರೆಯಲ್ಲಿ ಮಲಗಿದ್ದ ಗೆಳೆಯನಿಗೆ, ಎಷ್ಟೋ ವರ್ಷದ ಹಿಂದೆ, ಹಾಗಂದಿದ್ದೆ. ಅವನು ಹೋದ. ಮಾತು ಉಳಿಯಿತು.

ಈಗ ಅದೇ ಮಗಳು ಸ್ನೇಹಾ ನನ್ನ ಪಕ್ಕದ ಸೀಟಿನಲ್ಲಿ. ನಗರಸಭೆ ಮೆಂಬರು. ಹಿಂದೆ ಎರಡು ಜೀಪು! ಸ್ವಲ್ಪ ಹೊತ್ತಿನ ಹಿಂದೆ ಅವು ನಮ್ಮ ಕಾವಲಿಗಿದ್ದವು. ಈಗ ಗುದ್ದಲು ಬರುತ್ತಿವೆ...

ಆಗಿದ್ದು ಇಷ್ಟೇ.

ಇವತ್ತು ಅಧ್ಯಕ್ಷರ ಎಲೆಕ್ಷನ್. ನಮ್ಮೂರ ಲೀಡರ್ ಶಶಿಕಾಂತಣ್ಣನಿಗೆ ತನ್ನ ಭಾವಮೈದುನ ಗೆಲ್ಲಬೇಕು, ಸಂತೆ ಮೈದಾನ ಬಿಲ್ಡರ್ ಕೈಗೆ ಹೋಗಬೇಕು. ಒಂದು ವೋಟು ಜಾರಿದರೂ ಆಟ ಮುಗೀತು. ನಾನು ಅಣ್ಣನ ಮನುಷ್ಯ. ಮೆಂಬರುಗಳನ್ನು ರಾಣೆಬೆನ್ನೂರಿನ ಲಾಡ್ಜಿನಲ್ಲಿ ಕೂಡಿಹಾಕಿದವನೂ ನಾನೇ.

ದುಡ್ಡು ತಿಂದವರು ತಿರುಗಿ ಬೀಳುತ್ತಾರೆ. ಮೈಲಾರಲಿಂಗನ ಭಂಡಾರ, ಅಂದರೆ ದೇವರ ಅರಿಶಿನ ಹಿಡಿದು ಆಣೆ ಮಾಡಿದವರು ಬೀಳುವುದಿಲ್ಲ. ಅದಕ್ಕೇ ಅಣ್ಣ ಎಲ್ಲರಿಂದಲೂ ಆಣೆ ಮಾಡಿಸಿದ್ದ. ಭಂಡಾರ ತಂದವಳು ಸ್ನೇಹಾ. ಅವಳಪ್ಪ ಮೈಲಾರೆಪ್ಪ ಹೆಗಲಿಗೆ ಭಂಡಾರದ ಚೀಲ ಹಾಕಿಕೊಂಡು ತಿರುಗುತ್ತಿದ್ದ ಮೈಲಾರಲಿಂಗನ ಗೊರವಪ್ಪ. ನೀವೇ ಹೇಳಿ, ಯಾರಿಗೆ ಅನುಮಾನ ಬರುತ್ತದೆ?

ಲಾಡ್ಜಿನಿಂದ ವೋಟಿಗೆ ಹೊರಟ ದಾರಿಯಲ್ಲಿ, ಮೋಟೆಬೆನ್ನೂರಿನ ಹತ್ತಿರ ಅವಳು ನಕ್ಕಳು.

“ಕಾಕಾ, ಅಪ್ಪನ ಚೀಲದಾಗ ಇದ್ದದ್ದು ನಮ್ಮ ಅಡಗಿಮನಿ ಅರಿಶಿಣ. ಸಾರಿಗೆ ಹಾಕೋದು! ನನ್ನ ವೋಟು ಅಣ್ಣನ ಎದುರಿನವ್ರಿಗೇ. ಸಂತಿ ಮೈದಾನ ಹೋದ್ರ ನಮ್ಮ ವಾರ್ಡಿನ ಕಾಯಿಪಲ್ಲೆ ಹೆಂಗಸ್ರು ಎಲ್ಲಿ ಕುಂದರಬೇಕ್ರಿ?”

“ಭಲೇ ಹುಡುಗಿ!” ಅಂದೆ.

ಕಾರಿನ ಸ್ಪೀಕರ್ ಕೆಮ್ಮಿತು. ಆಗಷ್ಟೇ ಅಣ್ಣ ಫೋನ್ ಮಾಡಿದ್ದ. ನಾನು ಕಟ್ ಮಾಡಿರಲಿಲ್ಲ...

“ಸಾರು ಭಾಳ ರುಚಿ ಆಗೇತಿ ನೋಡವಾ,” ಅಂದ ಅಣ್ಣ.

ಬ್ಯಾಡಗಿ ಕಡೆ ಸ್ಟೇರಿಂಗ್ ತಿರುಗಿಸಿದೆ. ಎಂಬತ್ತು... ನೂರು!

ಮಾರ್ಕೆಟ್ ಗೇಟಿನ ಮುಂದೆ ಮೆಣಸಿನಕಾಯಿ ಲಾರಿಗಳ ಸಾಲು. ಮುಂದೆ ಲಾರಿ. ಹಿಂದೆ ಜೀಪು. ಕಣ್ಣಲ್ಲಿ ಘಾಟು.

ಮುಗೀತು.

ಹುಡುಗರು ಇಳಿದರು. ಕೈಯಲ್ಲಿ ರಾಡು. ನಾವೂ ಇಳಿದೆವು, ನಾನು ಅವಳಿಗೆ ಅಡ್ಡ ನಿಂತೆ. ಒಬ್ಬನನ್ನು ಕೆಡವಬಹುದು. ಇಬ್ಬರನ್ನು... ಆಮೇಲೆ?

ಅವರಲ್ಲೊಬ್ಬ ಫೋನು ಚಾಚಿದ. ಅಣ್ಣನೇ.

“ಅಂದಾನೆಪ್ಪಾ, ದೇವರಗುಡ್ಡದ ಮೈಲಾರಲಿಂಗನ ಗುಡಿಯಿಂದ ತಂದ ಖರೇ ಭಂಡಾರ ಜೀಪಿನ್ಯಾಗ ಐತಿ. ನಾ ಎಲ್ಲಾದಕ್ಕೂ ಸ್ಟೆಪ್ನಿ ಇಟ್ಟಿರ್ತೇನಿ! ಆಕಿ ಕೈಯಾಗ ನೀನ ಹಾಕು, ಆಣಿ ಮಾಡಿಸು. ಇಲ್ಲಂದ್ರ ರಾಡು ಮಾತಾಡ್ತಾವ.”

“ಕಾಕಾ, ಬ್ಯಾಡ್ರಿ...” ಸ್ನೇಹಾ ಮುಷ್ಟಿ ಬಿಗಿದಳು. “ಹೊಡೀಲಿ. ಹೊಡಿಸಿಕೊಳ್ತೇನಿ. ಅದನ್ನ ಮಾತ್ರ ಹಾಕಬ್ಯಾಡ್ರಿ!”

ರಾಡುಗಳನ್ನು ನೋಡಿದೆ. ಅವಳನ್ನು ನೋಡಿದೆ. ಮೈಲಾರೆಪ್ಪನದೇ ಕಣ್ಣು.

ಅವಳ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ಭಂಡಾರ ಸುರಿದೆ. ಅಳುತ್ತಲೇ ಆಣೆ ಮಾಡಿದಳು.

ಮಧ್ಯಾಹ್ನ ವೋಟಿಗೆ ಅವಳು ಕೈ ಎತ್ತಿದಾಗ ಅಂಗೈ ಇನ್ನೂ ಹಳದಿಯಾಗಿತ್ತು. ಅಣ್ಣನ ಭಾವಮೈದುನ ಗೆದ್ದ. ಒಂದೇ ವೋಟಿನಿಂದ!

ಮೈಲಾರೆಪ್ಪನಿಗೆ ಕೊಟ್ಟ ಮಾತು ಉಳಿಸಿಕೊಂಡೆ. ನನ್ನನ್ನು ಬಿಟ್ಟರೆ ಅವಳನ್ನು ಯಾರೂ ಮುಟ್ಟಲಿಲ್ಲ.