ಬೆಲ್ಲದ ಪಾಕದ ರಕ್ತ

ಕೆಂಪರಾಜ್ ತೆಗೆದ ಏಳು ದೆವ್ವದ ಸಿನಿಮಾಗಳಲ್ಲಿ ಯಾರಿಂದಲೂ ಕದಿಯದ ವಸ್ತು ಒಂದೇ ಒಂದು: ರಕ್ತ. ಕತೆ ಯಾರದ್ದೋ, ದೆವ್ವ ಯಾರದ್ದೋ, ಕಿರುಚಾಟ ಕೂಡ ಬೇರೆ ಭಾಷೆಯ ಸಿನಿಮಾದಿಂದ ಎತ್ತಿದ್ದು. ರಕ್ತ ಮಾತ್ರ ಮೇಕಪ್‌ನ ಮೊಹ್ಸಿನ್‌ನದು. ಬೆಲ್ಲದ ಪಾಕ, ಕೆಂಪು ಬಣ್ಣ, ಗಟ್ಟಿ ಚಹಾ ಡಿಕಾಕ್ಷನ್. ಶಿವಾಜಿನಗರದ ಮನೆಯ ಒಲೆಯ ಮುಂದೆ ಎರಡು ವರ್ಷ ಕೈ ಸುಟ್ಟುಕೊಂಡು ಕಂಡುಹಿಡಿದ ಹದ ಅದು. ಒಣಗಿದರೆ ಅಸಲಿಯಂತೆಯೇ ಕಪ್ಪಾಗುತ್ತಿತ್ತು.

ಅದನ್ನೂ ಕೆಂಪರಾಜ್ ಯೂಟ್ಯೂಬಿನಲ್ಲಿ ಕೂತು ತನ್ನದೆಂದುಬಿಟ್ಟ. "ಫಾರ್ಮುಲಾ ನಂದು ಸ್ವಾಮಿ. ನಮ್ಮ ಮೇಕಪ್ ಹುಡುಗ ಕಲಸ್ತಾನೆ, ಅಷ್ಟೇ." ನಲವತ್ತಾರು ವರ್ಷದ ಮೊಹ್ಸಿನ್‌ಗೆ ಆ 'ಹುಡುಗ' ಅನ್ನುವ ಮಾತು ಗಾಯದ ಮೇಲೆ ಬರೆ ಎಳೆದಂತಾಯಿತು. ಆ ವಿಡಿಯೋವನ್ನು ಹನ್ನೊಂದು ಸಲ ನೋಡಿದ. ಹನ್ನೆರಡನೇ ಸಲ ನೋಡುವಾಗ ಕೊಲ್ಲುವುದು ನಿಶ್ಚಯವಾಗಿತ್ತು.

ಉಪಾಯ ಕೆಂಪರಾಜನ ಜಿಪುಣತನದಲ್ಲೇ ಸಿಕ್ಕಿತು. ಕುಕ್ ಟೌನಿನ ಹಳೇ ಬಂಗಲೆಯಲ್ಲಿ ಶೂಟಿಂಗ್. ಕತ್ತು ಸೀಳಿದ ಹೆಣದ ಪಾತ್ರಕ್ಕೆ ಬೇರೊಬ್ಬ ನಟ ಯಾಕೆಂದು ನಿರ್ದೇಶಕನೇ ಮಲಗುವವನಿದ್ದ. ಶಾಟ್ ನಡೆಯುವ ಹಿಂದಿನ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಮೇಕಪ್ ಮಾಡುವವನು ಮೊಹ್ಸಿನ್ ಒಬ್ಬನೇ. ಹೆಣವಾಗಿ ಮಲಗಿದವನು ನಿಜಕ್ಕೂ ಹೆಣವಾದರೆ ಶಾಟ್ ಮುಗಿಯುವ ತನಕ ಯಾರಿಗೆ ಗೊತ್ತಾಗುತ್ತದೆ? ಶಾಟ್‌ಗೆ ಮುಂಚೆ ಅರ್ಧ ಗಂಟೆ ಚಹಾ ಬಿಡುವು. ಹಿತ್ತಲ ಬಾಗಿಲು ಗಲ್ಲಿಗೆ ತೆರೆದೇ ಇರುತ್ತದೆ. ಕೆಂಪರಾಜನಿಗೆ ಕತೆ ಕಳಕೊಂಡವರನ್ನು ನಿಲ್ಲಿಸಿದರೆ ಸಾಲು ಬಾಣಸವಾಡಿ ಮುಟ್ಟುತ್ತದೆ. ಅವರಲ್ಲಿ ಯಾರು ಬೇಕಾದರೂ ಬಂದು ಹೋಗಿರಬಹುದು. ಇನ್ನು ಬಟ್ಟೆಯ ಮೇಲಿನ ರಕ್ತವೇ? ಆ ಯೂನಿಟ್ಟಿನಲ್ಲಿ ರಕ್ತ ಮೆತ್ತಿಕೊಳ್ಳದವರು ಯಾರಿದ್ದಾರೆ!

ಬುಧವಾರ ಬೆಳಿಗ್ಗೆ ಹೆಂಡತಿ ಫಾಯಿಜಾ ಎಂದಿನಂತೆ ಒಗೆದ ಏಪ್ರನ್ ಕೈಗಿಟ್ಟಳು. "ದಿನಾ ಇದನ್ನ ತೊಳೆದು ಸಾಕಾಯ್ತು ಜೀ. ಒಂದಿನ ಬಿಟ್ರೆ ಮನೆ ತುಂಬ ಇರುವೆ." ಮೊಹ್ಸಿನ್ ನಕ್ಕ. ರಸಲ್ ಮಾರ್ಕೆಟ್ಟಿನಲ್ಲಿ ಕೊಂಡಿದ್ದ ಮಾಂಸ ಕೊಯ್ಯುವ ಚೂರಿಯನ್ನು ಅದರಲ್ಲೇ ಸುತ್ತಿಕೊಂಡು ಹೊರಟ.

ಮಧ್ಯಾಹ್ನ ಮೂರಕ್ಕೆ ಕೆಂಪರಾಜ್ ಮಂಚದ ಮೇಲೆ ಮಲಗಿದ. ಮೊಹ್ಸಿನ್ ಸಣ್ಣ ಬ್ರಷ್ಷಿನಿಂದ, ಒಂದು ಹನಿಯೂ ತನ್ನ ಮೈಮೇಲೆ ಚೆಲ್ಲದಂತೆ, ಅವನ ಕತ್ತಿಗೆ ಗಾಯ ಬರೆದ. ಕೆಂಪರಾಜ್ ಕನ್ನಡಿ ನೋಡಿಕೊಂಡ.

"ಸಾಲ್ದು ಗುರು. ಇನ್ನೂ ಅಸಲಿ ಥರ ಕಾಣ್ಬೇಕು."

"ಆಯ್ತು ಸಾರ್. ಕಣ್ಣು ಮುಚ್ಕೊಳ್ಳಿ."

ಎಡಗೈಯಲ್ಲಿ ಬಾಯಿ ಅದುಮಿ, ಬರೆದ ಗೆರೆಯ ಮೇಲೆಯೇ ಚೂರಿ ಎಳೆದ. ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಎದೆಯ ಮೇಲೆ ಮಂಡಿಯೂರಿ ಇನ್ನೊಮ್ಮೆ ಎಳೆಯಬೇಕಾಯಿತು. ಬಿಸಿ ರಕ್ತ ಏಪ್ರನ್ನಿಗೆ ಚಿಮ್ಮಿತು. ಕೆಂಪರಾಜನ ಹಿಮ್ಮಡಿ ಮಂಚವನ್ನು ಏಳೆಂಟು ಸಲ ಒದ್ದು ಸುಮ್ಮನಾಯಿತು. ಮೊಹ್ಸಿನ್‌ಗೆ ಭಯವಾಗಲಿಲ್ಲ, ಖುಷಿಯಾಯಿತು. ಚೂರಿಯನ್ನು ಹಿತ್ತಲ ಹಾಳುಬಾವಿಗೆ ಎಸೆದು ಕೈ ತೊಳೆದ. ಏಪ್ರನ್ ಮೇಲೆ ಒಂದಿಷ್ಟು ಪಾಕ ಸುರಿದುಕೊಳ್ಳಲೇ ಎಂದು ಒಮ್ಮೆ ಅನ್ನಿಸಿತು. ಬೇಕಿಲ್ಲ ಎಂದುಕೊಂಡ. ತನ್ನ ರಕ್ತಕ್ಕೂ ಅಸಲಿಗೂ ವ್ಯತ್ಯಾಸ ಹೇಳುವ ಗಂಡು ಇನ್ನೂ ಹುಟ್ಟಿರಲಿಲ್ಲ. ಹಾಗೆಯೇ ಹೊರಗೆ ಹೋಗಿ ಎಲ್ಲರ ನಡುವೆ ಕೂತು ಚಹಾ ಕುಡಿದ.

ನಾಯಕಿ ಭವ್ಯ ಹೆಣ ಕಂಡು ಕಿರುಚುವ ಶಾಟ್ ಒಂದೇ ಟೇಕಿಗೆ ಓಕೆ ಆಯಿತು. "ಸೂಪರ್ ಸಾರ್, ಏಳಿ," ಎಂದು ಕ್ಯಾಮೆರಾದ ಶೌಕತ್ ಹೆಗಲು ಅಲುಗಿಸಿದಾಗ ತಲೆ ಹಿಂದಕ್ಕೆ ಜೋತುಬಿತ್ತು. ಭವ್ಯ ಎರಡನೇ ಸಲ ಕಿರುಚಿದ್ದು ನಟನೆಯಲ್ಲ.

ಸಬ್ ಇನ್ಸ್‌ಪೆಕ್ಟರ್ ಆಂಜನಮ್ಮ ಬಂದವರೇ ಎಲ್ಲರನ್ನೂ ಜಗಲಿಯ ಮೇಲೆ ಸಾಲಾಗಿ ಕೂರಿಸಿದರು. "ಏನ್ರೀ ಇದು, ಎಲ್ಲರ ಮೈಮೇಲೂ ರಕ್ತ?"

"ಬೆಲ್ಲದ ಪಾಕ ಮೇಡಂ," ಎಂದ ಮೊಹ್ಸಿನ್. ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತು ತಾನಾಗಿ ಹೊರಬಿತ್ತು. "ಫಾರ್ಮುಲಾ ನಂದೇ. ನನ್ನ ಏಪ್ರನ್ ಮೇಲಿರೋದೂ ಅದೇ."

ಆಂಜನಮ್ಮ ಅವನ ಹೆಸರು ಬರೆದುಕೊಂಡರು. ಹೆಸರಿನ ಮುಂದೆ 'ಫಾರ್ಮುಲಾ ಇವರದು' ಎಂದೂ ಬರೆದದ್ದನ್ನು ಕಂಡು ಅವನ ಎದೆ ತುಂಬಿಬಂತು.

ಗಂಟೆ ಕಳೆಯಿತು. ಭವ್ಯ ತೋಳು ಕೊಡವಿಕೊಂಡಳು. "ದಿನಾ ಇದೇ ಗೋಳು ಮೇಡಂ, ಈ ಪಾಕಕ್ಕೆ ಇರುವೆ ಮುತ್ಕೊಳ್ತವೆ." ಶೌಕತ್ ಪ್ಯಾಂಟ್ ಕೊಡವಿದ, ಪಕ್ಕದ ಲೈಟಿನವನು ಎದ್ದು ನಿಂತು ಅಂಗಿ ಜಾಡಿಸಿದ. ಆಂಜನಮ್ಮ ಬರೆಯುವುದನ್ನು ನಿಲ್ಲಿಸಿ ಜಗಲಿಯುದ್ದಕ್ಕೂ ಕಣ್ಣು ಹಾಯಿಸಿದರು. ಕೊನೆಯಲ್ಲಿ ಮೊಹ್ಸಿನ್ ಒಬ್ಬನೇ ಆರಾಮಾಗಿ ಕೂತಿದ್ದ. ಇರುವೆಗಳ ಸಾಲು ಅವನ ಏಪ್ರನ್ನಿನ ಅಂಚಿನವರೆಗೆ ಬಂದು, ಮೂಸಿ ನೋಡಿ, ಪಕ್ಕಕ್ಕೆ ತಿರುಗಿ ಹೋಯಿತು.