ಸಿಗ್ನಲ್ ಸಿಗೋದು ಎದುರಂಗಡೀಲಿ

ನನ್ನ ಕಣ್ಣಾಣೆ, ಇದು ನಡೆದಿದ್ದೇ. ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ. ಸ್ವಲ್ಪ ಉಪ್ಪು ಖಾರ ಹಾಕಿರ್ಬಹುದು, ಅದು ಸುಳ್ಳಲ್ಲ, ರುಚಿ.

ಒಂದು ರಸ್ತೆ. ಈ ಕಡೆ ಕನ್ನಡಕದ ಅಂಗಡಿ, ಆ ಕಡೆ ಚಪ್ಪಲಿ ಅಂಗಡಿ. ಚಪ್ಪಲಿ ಅಂಗಡಿಯವರ ಮಗಳನ್ನ ಎಲ್ಲರೂ ಚಿನಕುರುಳಿ ಅನ್ನೋರು. ಅವಳ ಕಾರ್ಡ್ ಮಷೀನಿಗೆ ಅಂಗಡಿ ಒಳಗೆ ಸಿಗ್ನಲ್ಲೇ ಇಲ್ಲ. ಎಲ್ಲಿ ಸಿಗ್ತಿತ್ತು ಹೇಳಿ? ಎದುರಂಗಡಿ ಕನ್ನಡಕದವನ ಟೇಬಲ್ ಮೇಲೆ, ಸರಿಯಾಗಿ ಅವನ ಮೂಗಿನ ಮುಂದೆ!

ಗಿರಾಕಿ ಕಾರ್ಡ್ ತೆಗೆದ್ರೆ ಸಾಕು, ಚಿನಕುರುಳಿ ಮಷೀನ್ ಹಿಡ್ಕೊಂಡು ರಸ್ತೆ ದಾಟಿ ಓಡಿ ಬರೋಳು. ಹಿಂದೇನೇ ಗಿರಾಕಿ, ಒಂದು ಕಾಲಿಗೆ ಹೊಸ ಬೂಟು, ಇನ್ನೊಂದು ಬರಿಗಾಲು, ಕುಂಟ್ಕೊಂಡು. ಬಸ್ಸುಗಳೇ ನಿಂತು ದಾರಿ ಬಿಡ್ತಿದ್ವು ಅಂತೀನಿ!

ಇನ್ನು ಕನ್ನಡಕದವನು? ಊರವರ ಕಣ್ಣಿಗೆಲ್ಲ ಟಾರ್ಚ್ ಬಿಟ್ಟು ನೋಡೋ ಗಂಡು, ಅವಳ ಕಣ್ಣು ನೋಡೋಕೆ ಮಾತ್ರ ಧೈರ್ಯ ಇಲ್ಲ.

"ಎಷ್ಟೊತ್ತು ಸುತ್ತುತ್ತೆ ರೀ ಇದು? ಎಲ್ಲಿಗೋಗುತ್ತೆ?" ಅಂದ ಒಂದಿನ, ಒಬ್ಬ ಅಜ್ಜಿ ಗಿರಾಕಿ ಜೊತೆ ಅವಳು ಬಂದಾಗ, ಮಷೀನನ್ನೇ ನೋಡ್ತಾ.

"ಪಾಪ, ಅದು ಎಷ್ಟು ಅಲೀಬೇಕು! ಮೊದ್ಲು ನಮ್ಮ ಬ್ಯಾಂಕು. ಅಲ್ಲಿಂದ ಕಾರ್ಡ್ ಕಂಪನಿ. ಅವರು ಗಿರಾಕಿ ಬ್ಯಾಂಕಿನ ಬಾಗಿಲು ತಟ್ಟಿ, 'ಈ ಅಜ್ಜಿ ಹತ್ರ ಕಾಸಿದ್ಯಾ, ನಂಬಬಹುದಾ?' ಅಂತ ಕೇಳ್ಬೇಕು. ಅವರು ಹೂಂ ಅಂದ್ರೆ ಅದೇ ದಾರೀಲಿ ವಾಪಸ್ಸು."

"ಒಂದು ಹೂಂಗೆ ಇಷ್ಟು ಓಡಾಟನಾ?"

"ಮತ್ತೆ? ಹೂಂ ಅಂದ್ರೆ ಸುಮ್ನೇನಾ?" ಅಂದವಳು ಓರೆಗಣ್ಣಲ್ಲಿ ನೋಡಿದ್ಲು. ರೆಪ್ಪೆ ಅರ್ಧ ಇಳಿಸಿ, ನಗುನ ತುಟಿ ಅಂಚಲ್ಲೇ ಕಚ್ಕೊಂಡು. ಅವನ ಕೈಲಿದ್ದ ಕನ್ನಡಕದ ಗ್ಲಾಸು ಟಣ್ ಅಂತ ಕೆಳಗೆ!

"ಬೇಗ ಮುಗಿಸ್ರಪ್ಪಾ, ನನ್ನ ಕಾಲು ಸುಡ್ತಿದೆ," ಅಂತು ಗಿರಾಕಿ ಅಜ್ಜಿ.

ಹೀಗಿರೋವಾಗ ಒಬ್ಬ ಗಿರಾಕಿ ರಸ್ತೆ ಮಧ್ಯಕ್ಕೆ ಬಂದೋನು, ಎಡಕ್ಕೆ ತಿರುಗಿ ಹೊಸ ಬೂಟಲ್ಲೇ ಪರಾರಿ. ಚಿನಕುರುಳಿ ಅಪ್ಪ ಕೆಂಡಾಮಂಡಲ! ಬ್ಯಾಂಕಿನವರನ್ನ ಕರೆಸಿ ವೈಫೈ ಮಷೀನೇ ಹಾಕಿಸ್ಬಿಟ್ರು.

ಮಾರನೇ ದಿನ ಕನ್ನಡಕದವನು ನೋಡ್ತಾನೆ: ಅವರಂಗಡಿ ಒಳಗೇ ಕಾರ್ಡ್ ತಗುಲಿಸಿದ್ರು, ಕುಂಯ್ ಅಂತು, ಚೀಟಿ ಬಂತು, ಗಿರಾಕಿ ಹೋದ. ಅವಳು ಹೊರಗೇ ಬರಲಿಲ್ಲ. ಇನ್ನು ಬರೋದೂ ಇಲ್ಲ! ಯಾರದೋ ಕನ್ನಡಕ ಯಾರಿಗೋ ಕೊಟ್ಟ. ಆ ಮನುಷ್ಯ ಗೋಡೆಗೆ "ಬರ್ತೀನಿ ಸಾರ್" ಅಂತ ಹೇಳಿ ಹೋದ.

ಇನ್ನು ತಡೆಯೋಕಾಗ್ಲಿಲ್ಲ. ಒಂದೇ ಉಸಿರಿಗೆ ರಸ್ತೆ ದಾಟಿದ, ಕೈಗೆ ಸಿಕ್ಕ ಚಪ್ಪಲಿ ಎತ್ಕೊಂಡ, ಕಾರ್ಡ್ ಚಾಚಿದ.

"ಇದು ಹೆಂಗಸರ ಚಪ್ಪಲಿ ಕಣ್ರೀ."

"ಇರ್ಲಿ ಬಿಡಿ. ನನ್ನ ಕಡೆಯಿಂದ ದಿನಾ ರಿಕ್ವೆಸ್ಟ್ ಹೋಗ್ತಾನೇ ಇದೆ, ಉತ್ತರಾನೇ ಬಂದಿಲ್ಲ. ಲೈನು ಕೆಟ್ಟಿದ್ಯಾ?"

"ಲೈನು ಚೆನ್ನಾಗೇ ಇದೆ," ಅಂದ್ಲು ಅವಳು, ಕೆನ್ನೆ ಕೆಂಪಗೆ. "ನೀವು ಹಸಿರು ಬಟನ್ನೇ ಒತ್ತಿಲ್ಲ. ಒತ್ತದೇ ಇದ್ರೆ ಯಾವ ಬ್ಯಾಂಕು ಹೂಂ ಅನ್ನುತ್ತೆ?"

ಅವನು ಕಣ್ಣೆತ್ತಿದ. ಮೊದಲ್ನೇ ಸಲ, ನೇರವಾಗಿ. ಕಪ್ಪು ಕಣ್ಣು ಅಂದ್ಕೊಂಡಿದ್ದ, ಅಲ್ಲ, ಜೇನಿನ ಬಣ್ಣ!

"ನನ್ನ ಮದುವೆ ಆಗ್ತೀಯಾ?"

ಬಹುವಚನ ರಸ್ತೇಲೇ ಎಲ್ಲೋ ಬಿದ್ದೋಗಿತ್ತು.

"ಅಪ್ರೂವ್ಡ್!"

ಮಷೀನ್ ಅಲ್ಲ, ಅವಳೇ ಅಂದಿದ್ದು.

ಮೇಲಿಂದ ದಬದಬ ಅಂತ ಚಪ್ಪಲಿ ಡಬ್ಬ ಉರುಳಿದ್ವು. ಏಣಿ ಮೇಲೆ ಅವಳಪ್ಪ!

"ಏಯ್ ಕನ್ನಡಕ! ಅಪ್ರೂವ್ಡ್ ಅಂದ್ರೆ ಬರೀ ಮಾತು ಕೊಟ್ಟಂಗೆ ಕಣಪ್ಪ. ಸೆಟ್ಲ್‌ಮೆಂಟ್ ಆದ್ರೇನೇ ಕೈಗೆ ಬರೋದು. ಅದನ್ನ ಬ್ಯಾಂಕು ಮಾಡ್ಬೇಕು."

"ಯಾವ ಬ್ಯಾಂಕು, ಸಾರ್?"

"ನಾನೇ ಕಣಯ್ಯಾ! ಸಂಜೆ ನಿಮ್ಮಮ್ಮನ್ನ ಕರ್ಕೊಂಡು ಮನೆಗೆ ಬಾ. ಬರೋ ಅಷ್ಟರಲ್ಲಿ 'ಸಾರ್' ಬಿಟ್ಟು 'ಮಾವ' ಅನ್ನೋದು ಕಲಿ."

ಈಗ ನೀವು ಬನ್ನಿ ಈ ಕಡೆ. ನೀವೂ 'ಮದುವೆ ಆಗ್ತೀಯಾ' ಅಂತ ಕೇಳೋಕಾಗದೇ ಒಬ್ಬರ ಹೆಸರು ಒಳಗೇ ಇಟ್ಕೊಂಡಿದೀರಲ್ಲ, ಅದನ್ನ ನನ್ನ ಕಿವೀಲಿ ಉಸುರಿ ನೋಡೋಣ. ನಾನು ಯಾರಿಗೂ ಹೇಳೋನಲ್ಲ. ಇವರಿಬ್ಬರ ವಿಷಯಾನ ನಿಮಗೆ ಬಿಟ್ಟು ಯಾರಿಗಾದ್ರೂ ಹೇಳಿದೀನಾ?